ಬೀಜದ ಬಣ್ಣ, ಮಿಠಾಯಿ ಬಣ್ಣ

ಪ್ರತಿ ಮುಂಗಾರಿಗೆ ಮೆಕ್ಕೆಜೋಳದ ಬೀಜದ ಚೀಲ ಒಡೆದರೆ ನನ್ನ ಕೈಯೆಲ್ಲ ಗುಲಾಬಿ. ಬೀಜಕ್ಕೆ ಔಷಧಿ ಹಚ್ಚಿದ್ದಾರೆ, ಯಾರೂ ಮರೆತು ತಿನ್ನಬಾರದು ಅಂತಲೇ ಆ ಬಣ್ಣ. ಚೀಲದ ಮೇಲೂ ಬರೆದಿರುತ್ತದೆ. ಬಿತ್ತಿ ಬಂದವನು ಸೋಪು ಹಾಕಿ ಕೈ ತೊಳೆಯದಿದ್ದರೆ ನಮ್ಮನೆಯಾಕೆ ಊಟಕ್ಕೆ ಬಡಿಸುವುದಿಲ್ಲ.

ಈ ಸಲದ ಜಾತ್ರೆಯಲ್ಲಿ ಮೊಮ್ಮಗ ಕೈ ಎಳೆದು ನಿಲ್ಲಿಸಿದ್ದು ಬೊಂಬಾಯಿ ಮಿಠಾಯಿ ಮುಂದೆ. ಅದೂ ಹೆಚ್ಚುಕಡಿಮೆ ಅದೇ ಗುಲಾಬಿ!

"ಇದ್ಯಾವ ಬಣ್ಣನಪ್ಪಾ?"

"ಪೇಟೆಯಿಂದ ತಂದ ಪುಡಿ ಯಜಮಾನ್ರೇ. ಬಿಳೀದು ಮಾಡಿದ್ರೆ ಹುಡುಗ್ರು ತಿರುಗೀನೂ ನೋಡಲ್ಲ."

ಅವನ ಮಾತು ಸುಳ್ಳಲ್ಲ. ಹುಡುಗ ಅತ್ತ, ನಾನು ಕೊಡಿಸಲಿಲ್ಲ. ಮಂಡಕ್ಕಿ ಮಿರ್ಚಿಯಲ್ಲಿ ಸಮಾಧಾನ ಆಯಿತು.

ನಮ್ಮ ರಾಜ್ಯದಲ್ಲಿ 2024ರ ಮಾರ್ಚ್ 11ರಂದು ಈ ಬಣ್ಣಗಳಿಗೆ ನಿಷೇಧ ಬಂತು. ಪರೀಕ್ಷೆ ಮಾಡಿಸಿದ 171 ಗೋಬಿ ಮಂಚೂರಿಯಲ್ಲಿ 107ರಲ್ಲಿ, 25 ಬೊಂಬಾಯಿ ಮಿಠಾಯಿಯಲ್ಲಿ 15ರಲ್ಲಿ ಕೆಟ್ಟ ಬಣ್ಣ ಸಿಕ್ಕಿತ್ತು. ಅದರಲ್ಲಿ ರೋಡಮೈನ್-ಬಿ ಅನ್ನೋದು ಬಟ್ಟೆಗೆ ಹಾಕುವ ಬಣ್ಣ. ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಆಯಿತು.

ನಮ್ಮೂರ ಕಟ್ಟೆ ಮೇಲೆ ಇದಕ್ಕೆ ವಾದವೋ ವಾದ. ಪಕ್ಕದ ಹೊಲದ ಗೆಳೆಯ ಹೇಳುತ್ತಾನೆ: "ಬ್ರಾಂಡಿ ಮಾರಾಕೆ ಲೈಸೆನ್ಸ್ ಕೊಡೋ ಸರ್ಕಾರ ನನ್ ತಟ್ಟೆಗೆ ಯಾಕೆ ಕೈ ಹಾಕ್ಬೇಕು? ನನ್ ಹೊಟ್ಟೆ, ನನ್ ಇಷ್ಟ."

ಅರ್ಧ ಸರಿ. ಆದರೆ ಗೋಬಿಯನ್ನಾಗಲಿ ಮಿಠಾಯಿಯನ್ನಾಗಲಿ ಯಾರೂ ನಿಲ್ಲಿಸಿಲ್ಲ, ನಿಲ್ಲಿಸಿದ್ದು ಬಣ್ಣವನ್ನು. ಎಣ್ಣೆ, ಸಕ್ಕರೆ ನನ್ನ ಕಣ್ಣಿಗೆ ಕಾಣುತ್ತದೆ. ಮಿರ್ಚಿ ತಿಂದು ಎದೆ ಉರಿದರೆ ನನ್ನ ಪಾಡು. ಅದಕ್ಕೂ ಸರ್ಕಾರ ಬಂದು ಬಾಣಲೆ ಇಳಿಸಿದರೆ ನಾನೂ ಗೆಳೆಯನ ಕಡೆಗೇ. ಪುಡಿ ಯಾವುದು ಅಂತ ತಿನ್ನುವವನಿಗೆ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಗೊತ್ತೇ ಇಲ್ಲದ್ದನ್ನು ಇಷ್ಟಪಟ್ಟು ತಿಂದೆ ಅನ್ನೋದು ಹೇಗೆ? ಅದರಲ್ಲೂ ತಿನ್ನುವವನಿಗೆ ಐದು ವರ್ಷ!

ನನ್ನ ತಕರಾರೇ ಬೇರೆ. ತಳ್ಳುಗಾಡಿಯವನನ್ನು ಹಿಡಿಯೋದು ಸುಲಭ. ಹೆಸರಿಲ್ಲದ ಪೊಟ್ಟಣ ಕಟ್ಟಿ ಪುಡಿ ಮಾರುವ ಅಂಗಡಿಗೆ ಯಾರು ಹೋಗ್ತಾರೆ? ಬೀಜದ ಚೀಲಕ್ಕೆ ಚೀಟಿ ಇಲ್ಲದಿದ್ದರೆ ನಾವು ಮುಟ್ಟುತ್ತೇವೆಯೇ?

ಹಾಗಂತ ನಾವೇನು ಸಾಚಾಗಳಲ್ಲ. ಕಾನೂನು ಬೇಡ ಅಂದರೂ ಕಾರ್ಬೈಡ್ ಇಟ್ಟು ಮಾವು ಹಣ್ಣು ಮಾಡುವವರು ನಮ್ಮಲ್ಲೂ ಇದ್ದಾರೆ. ಕೇಳಿದರೆ, "ಕೊಳ್ಳೋರಿಗೆ ಹಳದಿ ಬೇಕು" ಅಂತಾರೆ. ಮಿಠಾಯಿಯವನೂ ಅದನ್ನೇ ಅಲ್ಲವೇ ಹೇಳಿದ್ದು?

ಹೊರಡುವಾಗ ಅವನಿಗೆ ಹೇಳಿ ಬಂದೆ: "ಮುಂದಿನ ಜಾತ್ರೆಗೆ ಒಂದಷ್ಟು ಬಿಳೀದು ಮಾಡ್ಕೊಂಡು ಬಾ, ನಮ್ಮ ಓಣಿ ಹುಡುಗ್ರಿಗೆಲ್ಲ ನಾನೇ ಕೊಡಿಸ್ತೀನಿ."

"ನೋಡಾನ" ಅಂದಿದ್ದಾನೆ.