ತಕ್ಕಡಿಯಿಂದ ತಿರುಪಿಗೆ: ಕಾಫಿಪುಡಿ ಪೊಟ್ಟಣ ಸೇರಿದ ಬಗೆ

ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯಲ್ಲಿ ಗಿರಾಕಿ ಬರೀ ತೂಕ ಹೇಳಿದರೆ ಸಾಲದು. ‘ಅರ್ಧ ಕೆಜಿ ಕೊಡಿ, ಎಂಬತ್ತು–ಇಪ್ಪತ್ತು’ ಎನ್ನಬೇಕು. 400 ಗ್ರಾಂ ಕಾಫಿ, 100 ಗ್ರಾಂ ಚಿಕೋರಿ. ಎರಡನ್ನೂ ತೂಗಿ, ಬೆರೆಸಿ, ಇನ್ನೂ ಬಿಸಿ ಆರದ ಪುಡಿಯನ್ನು ಪೊಟ್ಟಣಕ್ಕೆ ಸುರಿದು ಮಡಿಚುವುದಕ್ಕೆ ತಕ್ಕಡಿ ಮತ್ತು ಪಳಗಿದ ಕೈ ಇದ್ದರೆ ಆಗುತ್ತಿತ್ತು.

ಆ ಪುಡಿ ಮಾರನೇ ದಿನವೇ ಫಿಲ್ಟರಿಗೆ ಬೀಳುತ್ತಿತ್ತು, ದೂರ ಹೋಗುತ್ತಿರಲಿಲ್ಲ. 1942ರ ಕಾಫಿ ಕಾಯ್ದೆಯಂತೆ ಮೂಡಿಗೆರೆ, ಕಳಸದ ಬೆಳೆಗಾರರು ಫಸಲನ್ನು ತಾವೇ ಮಾರದೆ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಒಟ್ಟು ದಾಸ್ತಾನಿಗೆ, ಒಪ್ಪಿಸಬೇಕಿತ್ತು. 1992ರಿಂದ ಈ ಕಟ್ಟು ಸಡಿಲವಾಗುತ್ತ ಬಂತು. 1996ರಲ್ಲಿ, ಇದೇ ಜಿಲ್ಲೆಯ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದ ವರ್ಷ, ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ತೋಟದ ಹೆಸರು ಹೊತ್ತ ಪುಡಿ ದೂರದೂರುಗಳ ಅಂಗಡಿಗೂ ಹೊರಟಿತು. ಕೈ ಸೋತದ್ದು ಅಲ್ಲಿ.

ಮೊದಲ ಉಪಾಯ ಸರಳವಾದದ್ದು: ಅಳತೆಯ ಬಟ್ಟಲು ತುಂಬಿಸಿ ಸುರಿಯುವ ಯಂತ್ರ. ಆದರೆ ಕಾಫಿ ಬಟ್ಟಲ ಲೆಕ್ಕಕ್ಕೆ ಬಗ್ಗುವ ಪುಡಿಯಲ್ಲ. ಕಪ್ಪಗೆ ಹುರಿದ ಬೀಜ ಉಬ್ಬಿ ಹಗುರಾಗುತ್ತದೆ; ಅದೇ ಬಟ್ಟಲಿನಲ್ಲಿ ತೂಕ ಕಡಿಮೆ. ನಯವಾಗಿ ಬೀಸಿದ್ದು ಎಣ್ಣೆಯಂಶದಿಂದ ಒಂದಕ್ಕೊಂದು ಅಂಟಿ, ಪುಡಿ ತುಂಬುವ ಆಲಿಕೆಯಾದ ಹಾಪರಿನ ಬಾಯಲ್ಲಿ ಕಮಾನು ಕಟ್ಟಿ ನಿಂತುಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಚಿಕೋರಿಯಂತೂ ತೇವ ಹೀರಿ ಗಂಟಾಗುತ್ತದೆ.

ಇದಕ್ಕೆ ಒದಗಿದ್ದು ತಿರುಪು. ಹಾಪರಿನೊಳಗೆ ನಿಂತ ಉಕ್ಕಿನ ಸುರುಳಿ ಒಂದೊಂದು ಸುತ್ತಿಗೂ ಇಷ್ಟಿಷ್ಟೇ ಪುಡಿಯನ್ನು ಕೆಳಗೆ ತಳ್ಳುತ್ತದೆ. ಕಲಕುವ ಕೈಯೊಂದು ಕಮಾನು ಕಟ್ಟಲು ಬಿಡುವುದಿಲ್ಲ. ಚೀಲದ ಕೆಳಗೆ ತೂಕ ಅಳೆಯುವ ಲೋಡ್‌ಸೆಲ್. ಅಮೆರಿಕದಲ್ಲಿ 1938ರಲ್ಲಿ ಸಿಮನ್ಸ್ ಮತ್ತು ರೂಜ್ ಬೇರೆಬೇರೆಯಾಗಿ ಕಂಡುಹಿಡಿದ ಸ್ಟ್ರೇನ್ ಗೇಜ್ ಇದರ ಜೀವಾಳ: ಭಾರಕ್ಕೆ ಲೋಹ ಕೂದಲೆಳೆಯಷ್ಟು ಬಾಗಿದರೂ ತಂತಿಯ ವಿದ್ಯುತ್ ರೋಧ ಬದಲಾಗಿ ತೂಕ ತಿಳಿಯುತ್ತದೆ. ತಿರುಪು ಮೊದಲು ಭರದಿಂದ ಸುತ್ತಿ, ಗುರಿ ಹತ್ತಿರವಾದಂತೆ ನಿಧಾನಿಸುತ್ತದೆ. ಗಾಳಿಯಲ್ಲಿ ಇನ್ನೂ ಬೀಳುತ್ತಿರುವ ಪುಡಿಯನ್ನೂ ಲೆಕ್ಕ ಹಿಡಿದು ತುಸು ಮೊದಲೇ ನಿಲ್ಲುತ್ತದೆ. ತಕ್ಕಡಿ ಹಿಡಿದವರು ಕೊನೆಯ ಚಮಚವನ್ನು ಅಲುಗಿಸಿ ಅಲುಗಿಸಿ ಉದುರಿಸುತ್ತಿದ್ದ ಚಾತುರ್ಯ ಇದೇ.

ಅರ್ಧ ಕೆಜಿ ಪೊಟ್ಟಣದಲ್ಲಿ ಕಾನೂನು ಒಪ್ಪುವ ಕೊರತೆ ಹೆಚ್ಚೆಂದರೆ 15 ಗ್ರಾಂ. ಹಾಗೆಂದು ಎಲ್ಲದರಲ್ಲೂ ಅಷ್ಟು ಕಡಿಮೆ ಹಾಕುವಂತಿಲ್ಲ, ಸರಾಸರಿ ಅರ್ಧ ಕೆಜಿಗಿಂತ ಕೆಳಗೆ ಇಳಿಯಬಾರದು. ಹುರಿದ ಕಾಫಿ ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಒಳ್ಳೆಯ ಚೀಲಗಳಿಗೆ ಒಮ್ಮುಖ ವಾಲ್ವ್ ಕೂಡ ಬಂತು.

ಆದರೆ ಪೊಟ್ಟಣ ಕಟ್ಟುವ ಯಂತ್ರ ಕಾಯುವುದು ಒಟ್ಟು ತೂಕವನ್ನು ಮಾತ್ರ. ಪಾಲು ನಿರ್ಧಾರವಾಗುವುದು ಅದಕ್ಕೂ ಮೊದಲು, ಬೆರೆಸುವ ಕಡೆ. ಕಾಫಿಗಿಂತ ಚಿಕೋರಿ ಅಗ್ಗ. ಅಲ್ಲಿ ತೂಗುವವರು ಪ್ರಾಮಾಣಿಕರಾಗಿರಬೇಕು. ಅಂಗಡಿಯಲ್ಲಿ ಎಂಬತ್ತು–ಇಪ್ಪತ್ತು ನಮ್ಮ ಕಣ್ಣೆದುರೇ ಆಗುತ್ತಿತ್ತು. ಈಗ ಅದನ್ನು ಚೀಟಿಯಲ್ಲಿ ಓದಬೇಕು. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು ಎಂಬುದು ನಿಯಮ. ಬೆಲೆ ನೋಡುವ ಮೊದಲು ಆ ಸಾಲನ್ನು ದಯವಿಟ್ಟು ಓದಿ.