ಪಾರಿವಾಳದ ಗೂಡಿನಲ್ಲಿ ಬೆಳಕಿನ ಎಣಿಕೆ

ಹೊರಗೆ ಕ್ಯಾಲಿಫೋರ್ನಿಯಾದ ಉರಿಬಿಸಿಲು. ಪಾಲೊಮಾರ್ ಬೆಟ್ಟದ ಗುಮ್ಮಟದೊಳಗೆ ಕಾಲಿಟ್ಟರೆ ಮೈ ನಡುಗುವ ಚಳಿ! ರಾತ್ರಿ ಬಾಗಿಲು ತೆರೆದಾಗ ಕನ್ನಡಿಗೆ ಹವೆಯ ವ್ಯತ್ಯಾಸ ತಟ್ಟಬಾರದೆಂದು ಹಗಲಲ್ಲೇ ಒಳಗೆ ರಾತ್ರಿಯ ತಂಪು ಕಾಯ್ದಿಡುತ್ತಾರೆ. ಸಂದರ್ಶಕರ ಗಾಜಿಗೆ ಮುಖವೊತ್ತಿ ಹೇಲ್ ದೂರದರ್ಶಕವನ್ನು ನೋಡುತ್ತಲೇ ನಿಂತೆ. ಸ್ಪ್ಯಾನಿಷ್‌ನಲ್ಲಿ ಪಾಲೊಮಾರ್ ಎಂದರೆ ಪಾರಿವಾಳದ ಗೂಡು. ಓಲೆ ಬಂದಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

2023ರ ಡಿಸೆಂಬರ್ 11ರಂದು ಸೈಕಿ ಎಂಬ ಬಾಹ್ಯಾಕಾಶ ನೌಕೆ 3.1 ಕೋಟಿ ಕಿಲೋಮೀಟರ್ ಆಚೆಯಿಂದ ಲೇಸರ್‌ನಲ್ಲಿ ಕಳಿಸಿದ ಟೇಟರ್ಸ್ ಎಂಬ ಬೆಕ್ಕಿನ 15 ಸೆಕೆಂಡಿನ ವಿಡಿಯೊ ಇಳಿದದ್ದು ಇಲ್ಲೇ. ದಾರಿಯಲ್ಲಿ 101 ಸೆಕೆಂಡು. ವೇಗ ಸೆಕೆಂಡಿಗೆ 267 ಮೆಗಾಬಿಟ್. ಪತ್ರಿಕೆಗಳು ಬೆಕ್ಕನ್ನು ಕೊಂಡಾಡಿದವು. ನನ್ನ ಮನಸ್ಸು ನೆಟ್ಟದ್ದು ಮಾತ್ರ ಆ ಬೆಳಕನ್ನು ಹಿಡಿದ ತಂತಿಯ ಮೇಲೆ.

ಕೂದಲಿಗಿಂತ ನೂರಾರು ಪಟ್ಟು ತೆಳುವಾದ, ಟಂಗ್‌ಸ್ಟನ್ ಸಿಲಿಸೈಡ್‌ನ 64 ತಂತಿಗಳು. ಸುತ್ತ ಮೈನಸ್ 272 ಡಿಗ್ರಿಯ ಆಸುಪಾಸಿನ ಶೀತ. ಅಲ್ಲಿ ತಂತಿಗೆ ರೋಧವೇ ಇಲ್ಲ, ಇದೇ ಅತಿವಾಹಕತೆ. ತಾಳಿಕೊಳ್ಳಬಲ್ಲಷ್ಟು ವಿದ್ಯುತ್ತನ್ನು ಅಂಚಿನವರೆಗೆ ತುಂಬಿ ಇಟ್ಟಿರುತ್ತಾರೆ, ತುಳುಕಲು ಒಂದೇ ಹನಿ ಬಾಕಿ ಎಂಬಂತೆ. ಬೆಳಕಿನ ಒಂದೇ ಒಂದು ಕಣ, ಒಂದು ಫೋಟಾನ್, ಬಿತ್ತೋ, ಬಿದ್ದಲ್ಲಿ ಚೂರು ಬಿಸಿ, ತಂತಿಗೆ ರೋಧ ಮರಳಿ ವೋಲ್ಟೇಜ್ ಥಟ್ಟನೆ ಜಿಗಿಯುತ್ತದೆ. ಕಣ್ಣೆವೆ ಮಿಟುಕಿಸುವುದರೊಳಗೆ ಲಕ್ಷಾಂತರ ಬಾರಿ ತಣ್ಣಗಾಗಿ ಮತ್ತೆ ಸಿದ್ಧ. ಮಿಂಚು ಯಾವ ಗಳಿಗೆಯಲ್ಲಿ ಬಂತೆಂಬುದರಲ್ಲೇ ಸಂದೇಶ ಅಡಗಿರುವುದರಿಂದ ಆ ಗಳಿಗೆಯನ್ನು ಗುರುತಿಸುವುದೇ ತಂತಿಯ ಕಾಯಕ.

1911ರಲ್ಲಿ ಲೈಡನ್‌ನ ಕಮರ್‌ಲಿಂಗ್ ಓನ್ಸ್ ಪಾದರಸದಲ್ಲಿ ಅತಿವಾಹಕತೆ ಕಂಡರು. 2001ರಲ್ಲಿ ಮಾಸ್ಕೋದ ಗೋಲ್ಟ್ಸ್‌ಮನ್ ತಂಡ ಅದನ್ನು ಫೋಟಾನ್ ಹಿಡಿಯುವ ಬಲೆಯಾಗಿಸಿತು.

ಆದರೆ ಗುಮ್ಮಟದೊಳಗೆ ನಿಂತಾಗ ತಂತಿಗಿಂತ ನನ್ನನ್ನು ಕಾಡಿದ್ದು ಆ ಬೆಳಕನ್ನು ಒಟ್ಟುಗೂಡಿಸಿದ ಗಾಜು. 5.1 ಮೀಟರ್ ಅಗಲದ ಈ ಪೈರೆಕ್ಸ್ ಕನ್ನಡಿಯ ಮೊದಲ ಎರಕ 1934ರಲ್ಲಿ ಕೆಟ್ಟಿತು, ಅಚ್ಚಿನ ತುಂಡುಗಳು ಕಿತ್ತು ತೇಲಿದವು. ಅದೇ ಡಿಸೆಂಬರ್‌ನಲ್ಲಿ ಮತ್ತೆ ಎರಕ ಹೊಯ್ದು ಸುಮಾರು ಹತ್ತು ತಿಂಗಳು ತಣಿಸಿದರು. 1936ರಲ್ಲಿ ರೈಲಿನಲ್ಲಿ ದೇಶ ದಾಟಿತು. ನಡುವೆ ಯುದ್ಧ ಬಂದು ಉಜ್ಜುವ ಕೆಲಸವೂ ನಿಂತಿತು. ಈ ದೂರದರ್ಶಕದ ಕನಸು ಕಂಡ ಜಾರ್ಜ್ ಎಲರಿ ಹೇಲ್ 1938ರಲ್ಲೇ ತೀರಿಕೊಂಡರು. 1948ರ ಉದ್ಘಾಟನೆ ನೋಡಲಿಲ್ಲ. ಗ್ಯಾಲಕ್ಸಿಗಳಿಗೆಂದು ಎರಕವಾದ ಆ ಗಾಜು ಕೊನೆಗೆ ಬೆಕ್ಕಿನ ಓಲೆಯನ್ನೂ ಹಿಡಿಯಿತು!

ಲೇಸರ್ ಬಂದ ಮೇಲೆ ನೌಕೆಗಳ ಮಾತು ಕೇಳುವ ರೇಡಿಯೊ ಬುಟ್ಟಿಗಳ ಕಾಲ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಒಂದು ಮೋಡ ಅಡ್ಡ ಬಂದರೆ ಲೇಸರ್ ಮೂಕ. ಹೊರಬಂದಾಗ ಪಾಲೊಮಾರ್ ಮೇಲೆ ಒಂದೂ ಮೋಡವಿರಲಿಲ್ಲ.