ಐಗಳ ಪಾಲಿನ ಮಹಾನವಮಿ

ಸೆಪ್ಟೆಂಬರ್ ತಿಂಗಳು ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಫ್ಯಾನ್ಸಿ ಅಂಗಡಿಗಳಲ್ಲಿ ಶಾಲೆ ಮಕ್ಕಳ ಗುಂಪು. ಟೀಚರಿಗೊಂದು ಪೆನ್ನು, ಮಿಂಚುವ ಕಾಗದದಲ್ಲಿ ಸುತ್ತಿದ ಗಾಜಿನ ಗೊಂಬೆ. ಬಣ್ಣದ ಪೆನ್ಸಿಲಿನಲ್ಲಿ ಹೂ ಬರೆದು ಕಾರ್ಡು ಮಾಡುವ ಮಕ್ಕಳು ಈಗಲೂ ಇದ್ದಾರೆ, ಹೆಚ್ಚಾಗಿ ಸರಕಾರಿ ಶಾಲೆಗಳಲ್ಲಿ. ಅವರನ್ನು ಕಂಡರೆ ನನಗೆ ಗೌರವ.

ಶಿಕ್ಷಕರ ದಿನ ಶುರುವಾದದ್ದು 1962ರಲ್ಲಿ, ರಾಧಾಕೃಷ್ಣನ್ ರಾಷ್ಟ್ರಪತಿಯಾದ ವರ್ಷ. ಕರಾವಳಿಯ ಮಕ್ಕಳು ಮಾಷ್ಟ್ರಿಗೆ ತಮ್ಮ ಕೈಯ ದುಡಿಮೆ ಒಪ್ಪಿಸುತ್ತಿದ್ದ ಹಬ್ಬ ಅದಕ್ಕಿಂತ ಬಹಳ ಹಳೆಯದು. ಅದು ಮಹಾನವಮಿ.

ಕುಂದಾಪುರ, ಕೋಟ, ಬ್ರಹ್ಮಾವರದ ಕಡೆ ಆ ಪದ್ಧತಿಗೆ ಹೂವಿನ ಕೋಲು ಎಂದು ಹೆಸರು. ಊರಿನ ಐಗಳು, ಅಂದರೆ ಹಳೆಯ ಕಾಲದ ಮಾಷ್ಟ್ರು, ತಮ್ಮ ಮಠವೆಂಬ ಶಾಲೆಯ ಹುಡುಗರಿಗೆ ಅಕ್ಷರ, ಮಗ್ಗಿಯ ಜೊತೆಗೆ ಯಕ್ಷಗಾನದ ಪದ್ಯ, ಮಾತುಗಾರಿಕೆಯನ್ನೂ ಕಲಿಸುತ್ತಿದ್ದರು. ನವರಾತ್ರಿ ಬಂದಾಗ ಹುಡುಗರು ಕೋಲುಗಳಿಗೆ ಹೂ ಕಟ್ಟಿಕೊಂಡು ಐಗಳ ಹಿಂದೆ ಮನೆಮನೆಗೆ ಹೊರಡುತ್ತಿದ್ದರು. ಜಗಲಿಯಲ್ಲಿ ಎದುರುಬದುರು ಕೂರುವುದು, ಮನೆಯವರಿಗೆ ಒಳ್ಳೆಯದಾಗಲೆಂದು ಹಾಡುವುದು, ಆಮೇಲೆ ಪ್ರಸಂಗದ ಒಂದು ತುಂಡು. ನಿನ್ನೆಯವರೆಗೆ ಮರಳಿನಲ್ಲಿ ಅಕ್ಷರ ತಿದ್ದಿದ ಹುಡುಗ ಇವತ್ತು ಕೃಷ್ಣನಾಗಿ ಸವಾಲು ಹಾಕುತ್ತಾನೆ, ಪಕ್ಕದ ಮನೆಯವನು ಅರ್ಜುನನಾಗಿ ಉತ್ತರಿಸುತ್ತಾನೆ, ಮದ್ದಳೆಯ ಪೆಟ್ಟಿಗೆ ಒಳಗಿದ್ದ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಾರೆ. ಮನೆಯವರು ಕೊಟ್ಟ ಅಕ್ಕಿ, ಕಾಯಿ, ಕಾಸು ಐಗಳಿಗೆ. ತಿಂಗಳ ಸಂಬಳವೆಂಬುದು ಇಲ್ಲದ ಮನುಷ್ಯನಿಗೆ ಅದೇ ವರ್ಷದ ದೊಡ್ಡ ಆದಾಯ. ಕಲಿಸಿದ್ದು ಎಷ್ಟು ತಲೆಗೆ ಹತ್ತಿದೆಯೆಂದು ಊರೇ ಕೇಳಿ ಪರೀಕ್ಷಿಸಿ ಕೊಡುತ್ತಿದ್ದ ಉಡುಗೊರೆ ಅದು. ಇಷ್ಟು ಚಂದದ ಏರ್ಪಾಡನ್ನು ನಾವು ಕೈಬಿಟ್ಟೆವಲ್ಲ ಎಂಬುದೇ ನನ್ನ ಸಂಕಟ.

ಆಂಧ್ರದಲ್ಲೂ ಹೀಗೇ ಇತ್ತು. ದಸರಾಕ್ಕೆ ಬಿಲ್ಲುಬಾಣ ಹಿಡಿದ ಹುಡುಗರು ಬೀದಿ ಸುತ್ತಿ, ಅಯ್ಯವಾರಿಗೆ (ಮಾಷ್ಟ್ರಿಗೆ) ವರಹ, ತಮಗೆ ಪುಟಾಣಿ ಬೆಲ್ಲ ಎಂದು ಹಾಡಿ ಕೇಳುತ್ತಿದ್ದರು.

ಹೂವಿನ ಕೋಲು ಯಕ್ಷಗಾನದ ಬಡಗುತಿಟ್ಟಿನ ಸೀಮೆಯದ್ದು. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಾರ್ನೆಮಿಯಲ್ಲಿ, ಅಂದರೆ ಮಹಾನವಮಿಯಲ್ಲಿ, ಮುಂದೆ ನಿಲ್ಲುವುದು ಹುಲಿವೇಷ. ಆದರೆ ಹಬ್ಬದ ನೆಪದಲ್ಲಿ ಗುರುವಿಗೆ ಕೊಟ್ಟ ಕೊಡುಗೆಯ ಬಹಳ ಹಳೆಯ ಸಾಕ್ಷಿ ಉಳಿದು ಬಂದದ್ದು ಮೂಡುಬಿದಿರೆಯಲ್ಲೇ. ಇಲ್ಲಿನ ಬಸದಿ ಶತಮಾನಗಳ ಕಾಲ ಕಾಪಾಡಿದ ಜೈನ ಸಿದ್ಧಾಂತ ಗ್ರಂಥಗಳಲ್ಲಿ ಮಹಾಬಂಧವೂ ಒಂದು. ಮಲ್ಲಿಕಾದೇವಿ ಎಂಬಾಕೆ ಶ್ರೀಪಂಚಮಿ ವ್ರತದ ಉದ್ಯಾಪನೆಗೆ ಅದನ್ನು ತಾಳೆಗರಿಯಲ್ಲಿ ಬರೆಯಿಸಿ ಮಾಘನಂದಿ ಯತಿಗಳಿಗೆ ಒಪ್ಪಿಸಿದ ಸಂಗತಿ ಆ ಪ್ರತಿಯಲ್ಲೇ ದಾಖಲಾಗಿದೆ. ಆಕೆ ಮಗುವಲ್ಲ ನಿಜ. ಆದರೂ ಗುರುವಿನ ವಿದ್ಯೆಯನ್ನೇ ಗುರುವಿಗೆ ಮರಳಿಸಿದ ಆ ರೀತಿ ಹೂವಿನ ಕೋಲಿನದ್ದೇ.

ಐಗಳ ಮಠಗಳನ್ನು ಮುಗಿಸಿದ್ದು ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಬಂದ ಮಿಷನ್ ಶಾಲೆ, ಬೋರ್ಡು ಶಾಲೆಗಳು. ಮಾಷ್ಟ್ರಿಗೆ ಸಂಬಳ ಬಂತು, ಮೇಲೊಬ್ಬ ಇನ್‌ಸ್ಪೆಕ್ಟರ್ ಬಂದರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಈ ಹೊಸ ವ್ಯವಸ್ಥೆಯಲ್ಲೇ ಮಾಷ್ಟ್ರೂ ಇನ್‌ಸ್ಪೆಕ್ಟರೂ ಆದವರು. 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳ ಕೈಗೆ ಕನ್ನಡ ಪುಸ್ತಕ ಕೊಟ್ಟವರು. ಸಂಬಳ ಬಂದದ್ದು ನ್ಯಾಯವೇ, ಮಾಷ್ಟ್ರು ಮನೆಮನೆಗೆ ಹೋಗಿ ಕೈಯೊಡ್ಡುವುದು ತಪ್ಪಿತು. ಜೊತೆಗೆ ಹುಡುಗರ ಹಾಡೂ ನಿಂತಿತು. ಅದು ನಿಲ್ಲಬೇಕಾಗಿರಲಿಲ್ಲ.

ಕುಂದಾಪುರದ ಕಡೆ ಕಲಾಸಕ್ತರು ಹೂವಿನ ಕೋಲನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ, ನವರಾತ್ರಿಯಲ್ಲಿ ಮಕ್ಕಳ ತಂಡಗಳು ಮನೆಗಳಿಗೆ ಹೋಗುತ್ತವೆ. ದಕ್ಷಿಣ ಕನ್ನಡದ ಶಾಲೆಗಳಲ್ಲೂ ಯಕ್ಷಧ್ರುವ ಪಟ್ಲ ಫೌಂಡೇಶನ್ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಿದೆ. ಹಾಗೆ ಕಲಿತ ಮಕ್ಕಳು ಸೆಪ್ಟೆಂಬರ್ 5ರಂದು ಶಾಲೆಯ ಜಗಲಿಯಲ್ಲಿ ಎದುರುಬದುರು ಕೂತು ತಮ್ಮ ಟೀಚರ ಮುಂದೆ ಅರ್ಧ ಗಂಟೆ ಕೃಷ್ಣಾರ್ಜುನರ ಮಾತು ನಡೆಸಲಿ. ಫ್ಯಾನ್ಸಿ ಅಂಗಡಿಗೆ ಹೋಗಬೇಕಾಗಿಲ್ಲ. ಕೋಲಿಗೆ ಸುತ್ತಲು ಹಿತ್ತಿಲ ದಾಸವಾಳ, ಕೇಪುಳ ಸಾಕು.